ತೂ ಮುದುಕನ ತುರಿಕೆ

ಕಾವೋಶ್ಯುಂಗ್ ಬಂದರಿನ ಹತ್ತಿರದ ಆ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಕೋ ವಾನ್‌ಲಿಂಗ್‌ಗೆ ಯಾರನ್ನು ಕಂಡರೂ ಮೈಯುರಿಯುತ್ತದೆ ಎಂದು ನರ್ಸುಗಳು ಹೇಳಿಕೊಂಡು ತಿರುಗುತ್ತಿದ್ದರು. ಅದು ಶುದ್ಧ ಸುಳ್ಳು. ರೋಗಿಗಳನ್ನು ಕಂಡರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಅವರ ಜೊತೆ ಬರುವ ಸುಪುತ್ರರನ್ನು ಕಂಡರೆ ಮಾತ್ರ ಉರಿಯುತ್ತಿತ್ತು.

ತೂ ಯಾವ್‌ಜುಂಗ್ ಅಂಥ ಸುಪುತ್ರರ ಪೈಕಿ ಮೊದಲ ಸಾಲಿನವನು. ಹೈಸ್ಕೂಲಿನ ಉಪಪ್ರಾಂಶುಪಾಲ. ಎದುರಿಗೆ ಒಬ್ಬರೇ ಇದ್ದರೂ ಸಾಲಾಗಿ ನಿಂತ ಮಕ್ಕಳಿಗೆ ಉಪದೇಶ ಮಾಡುವವನಂತೆ ಮಾತಾಡುತ್ತಿದ್ದ. ಅವನ ಅಪ್ಪ ತೂ ಚಿನ್‌ಶುಯಿ ಬಂದರಿನ ಮೀನು ಹರಾಜಿನಲ್ಲಿ ಜೀವಮಾನವಿಡೀ ಕೂಗಿ ಗಂಟಲು ಒಡೆದುಕೊಂಡಿದ್ದ ಮುದುಕ. ಅವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದ ದಿನ ಮಗ ಡಾಕ್ಟರನ್ನು ಮೆಟ್ಟಿಲ ಮರೆಗೆ ಕರೆದ.

"ಅಪ್ಪಂಗೆ ಹೇಳ್ಬಾರ್ದು ಡಾಕ್ಟ್ರೇ. ಗೊತ್ತಾದ್ರೆ ಎದೆ ಒಡ್ಕೊಂಡು ಹೋಗ್ಬಿಡ್ತಾರೆ. ಹಳೇ ಕಫ ಕಟ್ಟಿದೆ, ಅದನ್ನ ಕರಗ್ಸೋಕೆ ವಿಟಮಿನ್ ಡ್ರಿಪ್ಪು ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ."

"ನಾವೆಲ್ಲ ಅಂದ್ರೆ ಯಾರ್ಯಾರು?"

"ಅವ್ರನ್ನ ಪ್ರೀತಿಸೋರು," ಎಂದ ಸುಪುತ್ರ, ಕಣ್ಣೊರೆಸಿಕೊಳ್ಳುತ್ತಾ.

ಕಾಗದಗಳಿಗೆಲ್ಲ ಅವನೇ ಸಹಿ ಹಾಕಿದ. ರೋಗಿಯ ಒಪ್ಪಿಗೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಹಾಗೆ ಕೇಳಿದರೆ ಕೇಳಿದವರೇ ಕರುಣೆಯಿಲ್ಲದವರಾಗುತ್ತಾರೆ. ಕೋ ಕೂಡ ಬಾಯಿ ಮುಚ್ಚಿಕೊಂಡಿದ್ದಳು, ಮತ್ತು ಅದಕ್ಕಾಗಿ ತನ್ನ ಮೇಲೆ ತಾನೇ ಅಸಹ್ಯಪಡುತ್ತಿದ್ದಳು.

ಡ್ರಿಪ್ಪಿನಲ್ಲಿ ಇದ್ದದ್ದು ವಿಟಮಿನ್ ಅಲ್ಲ. ನಮ್ಮ ರಕ್ತದಲ್ಲಿ ಓಡಾಡುವ ಕಾವಲು ಕಣಗಳನ್ನು ಕ್ಯಾನ್ಸರ್ ಹೇಗೋ ಪುಸಲಾಯಿಸಿ ಸುಮ್ಮನಾಗಿಸಿರುತ್ತದೆ. ಅವುಗಳನ್ನು ಎಬ್ಬಿಸಿ ಕೆಲಸಕ್ಕೆ ಅಟ್ಟುವ ಔಷಧಿ ಅದು. ಅವು ಎದ್ದವೋ ಇಲ್ಲವೋ ಎಂದು ರಕ್ತ ತೆಗೆದು, ಒಂದೊಂದು ಬಗೆಯ ಕಣವನ್ನೂ ಯಂತ್ರದಲ್ಲಿ ಎಣಿಸಿ ನೋಡುವುದೇ ಅವಳ ಸಂಶೋಧನೆ. ಮೊದಲ ಡ್ರಿಪ್ಪಿನ ನಂತರ ಮುದುಕನ ರಕ್ತದಲ್ಲಿ ಟಿ ಎಂಬ ಆ ಕಾವಲು ಕಣಗಳು ಎದ್ದೆದ್ದು ಹೆಚ್ಚಿದವು. ಎಷ್ಟೋ ತಿಂಗಳಲ್ಲಿ ಅಷ್ಟು ಚೆನ್ನಾಗಿ ಎದ್ದದ್ದನ್ನು ಅವಳು ನೋಡಿರಲಿಲ್ಲ. ಅವತ್ತು ಅವಳು ಕ್ಯಾಂಟೀನಿನವನ ಜೊತೆಯೂ ನಗುತ್ತಾ ಮಾತಾಡಿದಳು.

ಎರಡನೆಯ ಡ್ರಿಪ್ಪಿನ ನಂತರ ನೋಡಿದರೆ ಎಲ್ಲ ನೆಲಕಚ್ಚಿದ್ದವು.

ವಾರದ ಸಭೆಯಲ್ಲಿ ಪ್ರೊಫೆಸರ್ ಯೂ ಪರದೆಯ ಮೇಲೆ ರೋಗಿಗೊಂದರಂತೆ ಮೂಡಿದ್ದ ಚುಕ್ಕೆಗಳನ್ನು ನೋಡುತ್ತಾ ಕೂತಿದ್ದರು. ಆ ಮಹಾನುಭಾವರು ರೋಗಿಯ ಮುಖ ನೋಡಿ ವರ್ಷಗಳೇ ಆಗಿದ್ದವು. ಚುಕ್ಕೆಗಳನ್ನು ಮಾತ್ರ ಮೊಮ್ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದರು.

"ಈ ಮುದುಕ ಕೈ ಕೊಟ್ಟ ಕಣಮ್ಮ," ಎಂದರು. "ಔಷಧಿ ಹಿಡೀಲಿಲ್ಲ. ಮುಂದಿನ ಡ್ರಿಪ್ ಬೇಡ, ನಿಲ್ಸಿ."

"ಸಾರ್, ಇಯೊಸಿನೊಫಿಲ್ ಕಣಗಳು ಸೊನ್ನೆಗೆ ಬಂದಿವೆ. ಹೋದ ಸಲ ಬೇಕಾದಷ್ಟಿದ್ವು. ಅವು ಹೀಗೆ ಮಾಯ ಆಗೋದು ಸ್ಟಿರಾಯ್ಡ್ ಬಿದ್ರೆ. ಯಾರೋ ಕೊಟ್ಟ ಹಾಗಿದೆ."

"ನಾವು ಕೊಟ್ವಾ?"

"ಇಲ್ಲ."

"ಮತ್ತೇನು? ಸಿಯೋಲ್‌ನ ಸಮ್ಮೇಳನದಲ್ಲಿ ಈ ಚಿತ್ರ ತೋರಿಸ್ಬೇಕು ನಾನು. ಈ ಚುಕ್ಕೆ ಎಲ್ಲಾ ಕೆಡಿಸ್ತಿದೆ. ನಾಳೆ ಮುದುಕ ಬರ್ತಾನಲ್ಲ, ಕಾರಣ ಹುಡುಕಿ ತನ್ನಿ. ಇಲ್ಲಾಂದ್ರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿ."

ಮಾರನೆಯ ದಿನ ಅಪ್ಪ ಮಗ ಇಬ್ಬರೂ ಬಂದರು. ಬೇರೆ ಏನಾದರೂ ಔಷಧಿ ತಗೊಂಡರಾ ಎಂದು ಅವಳು ಕೇಳಿದ್ದು ಅಪ್ಪನನ್ನು. ಉತ್ತರ ಕೊಟ್ಟವನು ಮಗ.

"ಅಯ್ಯೋ, ಇಲ್ಲ ಡಾಕ್ಟ್ರೇ. ಎಲ್ಲಾ ನಾನೇ ನೋಡ್ಕೋತೀನಲ್ಲ."

"ಇವ್ನು ನೋಡ್ಕೊಂಡ!" ಮುದುಕ ಕುರ್ಚಿಯಲ್ಲೇ ಮುಂದಕ್ಕೆ ಜರುಗಿದ. "ಮೈಯೆಲ್ಲ ತುರಿಕೆ ಹತ್ತಿ ಸಾಯ್ತಿದ್ದೆ ಡಾಕ್ಟ್ರಮ್ಮ. ಬಾಗ್ಲು ಚೌಕಟ್ಟಿಗೆ ಬೆನ್ನು ಉಜ್ಕೋತಿದ್ದೆ ಎಮ್ಮೆ ಹಂಗೆ. ಗುಡಿ ಪಕ್ಕದ ಕ್ಲಿನಿಕ್ಕಿಗೆ ಹೋದೆ. ಹಿಂದ್ಗಡೆ ಒಂದು ಚುಚ್ಚಿದ, ಬಿಳೀ ಮಾತ್ರೆ ಕೊಟ್ಟ. ಬೆಳಗಾಗೋದ್ರೊಳ್ಗೆ ತುರಿಕೆ ಮಾಯ! ಈಗ ದಿನಾ ಎರಡು ಬಟ್ಲು ಮೀನಿನ ಗಂಜಿ ಇಳಿಯುತ್ತೆ. ನಿಮ್ ದೊಡ್ಡಾಸ್ಪತ್ರೆಗಿಂತ ಅವ್ನೇ ವಾಸಿ."

ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಸ್ಟಿರಾಯ್ಡೇ.

"ಇಲ್ಲಿ ಡ್ರಿಪ್ ಹಾಕ್ತಿದಾರೆ ಅಂತ ಆ ಕ್ಲಿನಿಕ್ಕಿನವ್ರಿಗೆ ಹೇಳ್ಲಿಲ್ವಾ?"

"ಹೇಳ್ದೆ. ಕಫಕ್ಕೆ ವಿಟಮಿನ್ ಡ್ರಿಪ್ಪು ಅಂದೆ. ಒಳ್ಳೇದು, ತಗೊಳಿ ಅಂದ."

ಕೋ ಮಗನ ಕಡೆ ನೋಡಿದಳು. ಉಪಪ್ರಾಂಶುಪಾಲರು ನೆಲ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ, ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಅಪ್ಪನ ಜೀವ ಹೋಗುತ್ತಿರುವುದು ಈ ಸನ್ನೆಗಳಿಂದಲೇ ಎಂದು ಆ ವಿದ್ಯಾವಂತನ ತಲೆಗೆ ಇನ್ನೂ ಹೊಳೆದಿರಲಿಲ್ಲ. ಎಂಥ ಪಿತೃಭಕ್ತಿ! ಇವತ್ತು ಮುಚ್ಚಿಟ್ಟರೆ ನಾಳೆ ಮುದುಕ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಾನೆ, ಇನ್ನೊಂದು ಸೂಜಿ ಚುಚ್ಚಿಸಿಕೊಳ್ಳುತ್ತಾನೆ, ಡ್ರಿಪ್ಪು ನಿಲ್ಲುತ್ತದೆ, ಪ್ರೊಫೆಸರರ ಚಿತ್ರ ಚೆಂದವಾಗುತ್ತದೆ.

"ದೊಡ್ಡಪ್ಪ," ಎಂದಳು. "ಅದು ಕಫ ಅಲ್ಲ. ನಿಮ್ಗೆ ಶ್ವಾಸಕೋಶದ ಕ್ಯಾನ್ಸರ್ ಇದೆ. ಡ್ರಿಪ್ಪು ಅದಕ್ಕೇ. ಅದು ನಿಮ್ಮ ರಕ್ತದ ಕಣಗಳನ್ನ ಎಬ್ಸಿತ್ತು. ಎದ್ದ ಕಣಗಳು ಚರ್ಮದ ಮೇಲೂ ಹಾರಾಡಿದ್ದಕ್ಕೇ ಆ ತುರಿಕೆ. ಈ ಮಾತ್ರೆ ಅವನ್ನೆಲ್ಲ ಮತ್ತೆ ಮಲಗ್ಸಿದೆ."

"ಡಾಕ್ಟ್ರೇ!" ಎಂದು ಮಗ ಎದ್ದು ನಿಂತ.

"ಕೂತ್ಕೊಳ್ಳೋ," ಎಂದ ಮುದುಕ. ಹರಾಜಿನ ದನಿ ಎಲ್ಲಿಂದಲೋ ಬಂತು. ಮಗ ಕೂತ.

ಮುದುಕ ತನ್ನ ಮುಂಗೈ ತಿರುಗಿಸಿ ನೋಡಿಕೊಂಡ. ಚರ್ಮ ನುಣ್ಣಗಿತ್ತು. "ಅಂದ್ರೆ ಅವನ್ನ ನಾನೇ ಹೋಗಿ ಮಲಗ್ಸಿ ಬಂದೆ."

"ನಿಮ್ಗೆ ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಮತ್ತೆ ಏಳ್ತಾವಾ ಅವು?"

"ಏಳ್ಬೋದು, ಏಳದೇನೂ ಇರ್ಬೋದು. ಮಾತ್ರೆ ಒಂದೇ ಸಲ ಬಿಡ್ಬೇಡಿ, ನಾನು ಹೇಳೋ ಹಾಗೆ ಕಮ್ಮಿ ಮಾಡಿ. ಕಾರಣ ಸಿಕ್ತಲ್ಲ, ಮುಂದಿನ ಡ್ರಿಪ್ ನಿಲ್ಲಲ್ಲ. ಇನ್ನು ತುರಿಕೆ ಬಂದ್ರೆ ಮೊದ್ಲು ನನ್ ಹತ್ರ ಬನ್ನಿ."

ಅವನು ತಲೆಯಾಡಿಸಿದ. ಅಳಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ, ಮಗ ಹೆದರಿಸಿದ್ದ ಯಾವುದನ್ನೂ ಮಾಡಲಿಲ್ಲ. ಎದ್ದು ಬಾಗಿಲ ತನಕ ಹೋಗಿ ನಿಂತ.

"ಯಾರ್ಯಾರಿಗೆ ಗೊತ್ತೋ?"

ಮಗ ಮೇಜಿನ ಮೇಲಿನ ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡ.

"ಬೀದಿಗೆಲ್ಲ ಗೊತ್ತಾ?"

"ನಿಮ್ ಒಳ್ಳೇದಕ್ಕೇ ಅಪ್ಪ..."

"ಓಹೋ. ಅದಕ್ಕೇ." ಮುದುಕ ಮಗನನ್ನು, ಹಳಸಿದ ಮೀನನ್ನು ನೋಡುವವನಂತೆ, ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ಕೋ ಕಡೆ ತಿರುಗಿದ. "ನಮ್ ಬೀದೀಲಿರೋ ಆ ಗೂ ಅನ್ನೋ ಕಳ್ಳ ನಲವತ್ತು ವರ್ಷದಿಂದ ಚದುರಂಗದಲ್ಲಿ ನಂಗೆ ಒಂದಾಟ ಬಿಟ್ಕೊಟ್ಟೋನಲ್ಲ. ಈಗ ಎರಡು ತಿಂಗ್ಳಿಂದ ದಿನಾ ಸೋಲ್ತಿದಾನೆ. ನಾನು ಆಟ ಕಲ್ತೆ ಅಂದ್ಕೊಂಡು ಬೀಗ್ತಿದ್ದೆ ಡಾಕ್ಟ್ರಮ್ಮ."

ಮಗ ಮೊಣಕೈ ಹಿಡಿಯಲು ಬಂದ. ಅವನು ಕೊಡವಿಕೊಂಡ.

"ನೀನು ಮನೆಗೆ ಹೋಗು. ನಾನು ಗೂ ಹತ್ರ ಹೋಗ್ತೀನಿ. ನೆಟ್ಟಗೆ ಆಡೋ, ನಾನಿನ್ನೂ ಸತ್ತಿಲ್ಲ ಅಂತ ಹೇಳ್ಬೇಕು."