ಮೂವತ್ತೊಂದು ಬಾಲ

ನಮ್ಮವರು ನೆಲಕ್ಕೆ ಟೈಲ್ಸ್ ಹಾಕುವವರು. ಅವರು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಎತ್ತ ಹೋಗಬೇಕೆಂದು ತಿಳಿಯದೆ ಅದು ಅಲ್ಲೇ ಕೂರುತ್ತದೆ. ಮಟ್ಟ ನೋಡುವ ರಸಮಟ್ಟ ಸದಾ ಜೇಬಿನಲ್ಲಿರುವುದರಿಂದ ಜೊತೆಯ ಕೆಲಸಗಾರರು ಅವರನ್ನೇ ‘ರಸಮಟ್ಟ’ ಎಂದು ಕರೆಯುತ್ತಾರೆ. ಗೋಡೆಯ ಕನ್ನಡಿ ಕೂದಲೆಳೆಯಷ್ಟು ವಾಲಿದರೂ ಅವರಿಗೆ ಊಟ ಸೇರದು. ಹದಿನಾಲ್ಕು ವರ್ಷದಿಂದ ನಾನು ಇಂಥವರ ಹೆಂಡತಿಯಾಗಿ ಹೇಗೋ ಮಟ್ಟವಾಗಿಯೇ ಇದ್ದೇನೆ.

ಒಂದು ಸಂಜೆ ಈ ಮಹಾನುಭಾವರು ಪೇಂಟಿನ ಹಳೆ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಕಪ್ಪಗೆ ಏನೇನೋ ಮಿಸುಕಾಡುತ್ತಿತ್ತು.

“ಏನ್ರೀ ಇದು?”

“ಗೊದಮೊಟ್ಟೆ. ಕೆಲಸದ ಜಾಗದಲ್ಲಿ ಗುಂಡೀಲಿದ್ವು. ನಾಳೆ ಅಲ್ಲಿ ಕಾಂಕ್ರೀಟ್ ಸುರೀತಾರೆ.”

“ಅದಕ್ಕೆ?”

“ಅದಕ್ಕೇ,” ಎಂದು ಬಕೆಟ್ ಕೆಳಗಿಟ್ಟರು. ಮಾತಿನಲ್ಲಿ ನಮ್ಮವರು ಅಷ್ಟು ಜಿಪುಣರು.

ಒಂಬತ್ತು ವರ್ಷದ ಮಗಳು ಓಡಿ ಬಂದಳು. ನನ್ನ ಟೀ ಸೋಸುವ ಜಾಲರಿ ಕಿತ್ತುಕೊಂಡು ಒಂದೊಂದನ್ನೇ ಬಟ್ಟೆ ಒಗೆಯುವ ಟಬ್ಬಿಗೆ ದಾಟಿಸುತ್ತ ಎಣಿಸಿದಳು. ಮೂವತ್ತೊಂದು ನೆಲಗಪ್ಪೆ ಮರಿಗಳು. ಆಮೇಲೆ ಅಪ್ಪನ ಮುಂದೆ ಒದ್ದೆ ಕೈ ಚಾಚಿದಳು.

“ಮೂವತ್ತೊಂದೂ ಕಪ್ಪೆಯಾಗಿ ಹೋಗ್ಬೇಕು. ಒಂದೂ ಸಾಯಬಾರ್ದು. ಮಾತು ಕೊಡು.”

ಕೆಲಸ ಎಂದು ಮುಗಿಯುತ್ತದೆಂದು ಯಾರಿಗೂ ಮಾತು ಕೊಡದ ಮನುಷ್ಯ ಇವಳಿಗೆ ಕೊಟ್ಟೇಬಿಟ್ಟರು.

ಟಬ್ಬು ನನ್ನ ಹೊಲಿಗೆ ಯಂತ್ರದ ಪಕ್ಕ, ಕಿಟಕಿಯ ಕೆಳಗೆ ನೆಲೆಯೂರಿತು. ಕುಡಿಯಲು ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳದವರು ಗೊದಮೊಟ್ಟೆಗಳಿಗಾಗಿ ನಲ್ಲಿ ನೀರು ಹಿಡಿದು, ಕ್ಲೋರಿನ್ ಹೋಗಲೆಂದು ಒಂದು ದಿನ ಇಟ್ಟು ಬದಲಾಯಿಸಿದರು, ಉಪ್ಪಿಲ್ಲದೆ ಸೊಪ್ಪು ಬೇಯಿಸಿದರು. ನಾನು ಹೊಲಿಯುತ್ತ ಅವುಗಳಿಗೆ ಗಿರಾಕಿಗಳ ಚಾಡಿ ಹೇಳುತ್ತಿದ್ದೆ. ಎದುರು ಮಾತಾಡದೆ ಕೇಳುವವರು ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ?

ಹಿಂಗಾಲು ಮೂಡಿದವು. ಮುಂಗಾಲು ಬಂದ ಮೇಲೆ ಕೂರಲು ಒಣ ಜಾಗ ಬೇಕೆಂದು ನಮ್ಮವರು ಒಂದು ಭಾನುವಾರ ಪೂರ್ತಿ ಕೂತು ನಡುಗಡ್ಡೆ ಕಟ್ಟಿದರು. ಉಳಿದ ಗ್ರಾನೈಟ್ ತುಂಡಿಗೆ ನಾಲ್ಕು ಕಾಲು, ಅಂಚಿಗೆಲ್ಲ ಪಾಲಿಶ್, ನೀರಿಗಿಂತ ಎರಡು ಬೆರಳು ಮೇಲೆ. ರಸಮಟ್ಟ ಇಟ್ಟು ನೋಡಿದರು, ಗುಳ್ಳೆ ನಟ್ಟನಡುವೆ ನಿಂತಿತು.

“ಲಿಫ್ಟ್ ಒಂದು ಬಾಕಿ ನೋಡಿ,” ಎಂದು ನಾನು ನಕ್ಕೆ. ತಮಾಷೆಗೆಂದೇ ಹೇಳಿದ್ದು.

ಮೂರನೇ ದಿನ ಬೆಳಿಗ್ಗೆ, ಮೊದಲು ನಾಲ್ಕೂ ಕಾಲು ಬಂದ ಮರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಇನ್ನೊಂದು ಆ ನುಣುಪು ಅಂಚಿಗೆ ಪುಟ್ಟ ಕೈ ಹಚ್ಚುತ್ತಿತ್ತು, ಜಾರುತ್ತಿತ್ತು, ಮತ್ತೆ ಹಚ್ಚುತ್ತಿತ್ತು. ನಮ್ಮವರು ಅದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ಇಳಿಜಾರು ಕೊಡದೆ ಒಂದು ಬಚ್ಚಲನ್ನೂ ಮುಗಿಸಿದವನಲ್ಲ ನಾನು,” ಎಂದರು. “ಇವಕ್ಕೆ ಕೊಡ್ಲಿಲ್ಲ. ಹತ್ತೋದಕ್ಕೆ ದಾರೀನೇ ಇಲ್ಲ, ಮುಳುಗಿ ಸತ್ತಿದೆ.”

ಮಗಳು ಸತ್ತದ್ದನ್ನು ನೋಡಿದಳು, ಅಪ್ಪನನ್ನು ನೋಡಿದಳು. “ನೀನು ಮಾತು ಕೊಟ್ಟಿದ್ದೆ,” ಎಂದಳು. ಅಲ್ಲಿಗೆ ಅಪ್ಪನ ಜೊತೆ ಮಾತು ನಿಂತಿತು.

ಅಂದು ನಮ್ಮವರು ಕೆಲಸಕ್ಕೆ ಹೋಗಲಿಲ್ಲ. ನಡುಗಡ್ಡೆಯನ್ನು ಎತ್ತಿ ಹೊರಗಿಟ್ಟರು. ಟೈಲ್ಸುಗಳನ್ನು ಮಗುಚಿ, ಗೀರುಗೀರಾದ ಹಿಂಬದಿ ಮೇಲೆ ಬರುವಂತೆ, ಒಂದು ತುದಿ ನೀರಲ್ಲಿ ಮುಳುಗಿಸಿ ಓರೆಯಾಗಿ ಜೋಡಿಸಿದರು. ಸಂದಿಗೆ ತೊಳೆದ ಮರಳು ಮಾತ್ರ. “ಸಿಮೆಂಟಿನ ನೀರು ನನ್ನ ಕೈಯನ್ನೇ ತಿನ್ನುತ್ತೆ, ಇವನ್ನ ಬಿಡುತ್ತಾ?” ಎಂದರು. ‘ಟೈಲ್ಸ್ ಉಲ್ಟಾ ಹಾಕಿದೀರಲ್ರೀ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಅಯ್ಯೋ ಅನಿಸಿ ನುಂಗಿಕೊಂಡೆ.

ಮಧ್ಯಾಹ್ನದೊಳಗೆ ಒಂದು ಹತ್ತಿತು. ಮಾರನೆಯ ದಿನ ಐದು. ಊಟ ಬಿಟ್ಟು, ತಮ್ಮ ಬಾಲವನ್ನೇ ಒಳಗೊಳಗೇ ಕರಗಿಸಿಕೊಳ್ಳುತ್ತ ಟೈಲ್ಸ್ ಮೇಲೆ ಕೂತವು. ಬಾಲ ಹೋದಂತೆ ಗಾತ್ರವೂ ಹೋಯಿತು, ಕಡೆಗೆ ಉಳಿದದ್ದು ಕಿರುಬೆರಳ ಉಗುರಿನಷ್ಟು ಕಪ್ಪೆ. ಐದು ವಾರ ಸಾಕಿ ಸಣ್ಣದು ಮಾಡಿದ ಕೀರ್ತಿ ನಮ್ಮ ಮನೆಯದು. ಆದರೆ ಮತ್ತೊಂದು ಸಾಯಲಿಲ್ಲ.

ಮಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ. “ಅಮ್ಮ, ನಂಗೆ ಊಟ ಆಯ್ತು ಅಂತ ಅಪ್ಪಂಗೆ ಹೇಳು,” ಎನ್ನುವಳು, ಅಪ್ಪ ಎದುರಿಗೇ ಕೂತಿರುವಾಗ. ಹನ್ನೊಂದು ದಿನ ನಾನು ಸಂಬಳವಿಲ್ಲದ ಅಂಚೆಯವಳು. ಗೋಡೆಯ ಕನ್ನಡಿ ವಾಲಿದ್ದೂ ನಮ್ಮವರ ಕಣ್ಣಿಗೆ ಬೀಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊನೆಗೆ ಕಪ್ಪೆಗಳನ್ನು ಬಿಡಲು ಡಬ್ಬಿಯಲ್ಲಿ ತುಂಬಿಕೊಂಡು ಕಾಲುವೆಯ ಪಕ್ಕದ ಒದ್ದೆ ಹುಲ್ಲಿಗೆ ಮೂವರೂ ಹೋದೆವು. ಮಗಳು ಡಬ್ಬಿ ಓರೆ ಮಾಡಿ ಗಟ್ಟಿಯಾಗಿ ಎಣಿಸಿದಳು. ಮೂವತ್ತಕ್ಕೆ ನಿಲ್ಲಿಸಿದಳು.

“ಒಂದು ಕಮ್ಮಿ,” ಎಂದರು ನಮ್ಮವರೇ. “ನನ್ನ ತಪ್ಪು, ಪುಟ್ಟಿ.”

ಮಗಳು ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಕಪ್ಪೆಗಳು ದಿಕ್ಕಾಪಾಲಾಗಿ ಹುಲ್ಲಿನೊಳಗೆ ನುಗ್ಗಿದವು. ನಮ್ಮವರು ತಲೆ ತಗ್ಗಿಸಿ ಹಿಂತಿರುಗಲು ಕಾಲೆತ್ತಿದರು.

“ಅಪ್ಪಾ, ಕಾಲಿಡಬೇಡ! ಕೆಳಗೊಂದಿದೆ!”

ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಬಿದ್ದಾರೆಂದು ಅವಳು ಓಡಿ ಬಂದು ಮೊಣಕೈ ಹಿಡಿದಳು.

“ಹೋಯ್ತಾ?” ಎಂದರು. ಅವರು ನೋಡುತ್ತಿದ್ದದ್ದು ಹುಲ್ಲನ್ನಲ್ಲ, ಮಗಳ ಮುಖವನ್ನು.

“ಇಲ್ಲ. ಇನ್ನೂ ಇದೆ.”

ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತೇ ಇದ್ದರು. ನಾನು ಬಗ್ಗಿ ನೋಡಿದೆ. ಹುಲ್ಲು ಖಾಲಿ, ಕಪ್ಪೆ ಆಗಲೇ ಹೋಗಿಯಾಗಿತ್ತು. ಹೇಳಲು ಬಾಯಿ ತೆರೆದೆ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು, ಮುಚ್ಚಿಕೊಂಡೆ.

“ಈಗ ಹೋಯ್ತಾ, ಪುಟ್ಟಿ?” ಕಾಲು ನಡುಗುತ್ತಿತ್ತು.

“ಇನ್ನೂ ಇದೆ ಅಪ್ಪ,” ಎಂದಳು ಅವಳು, ಹಿಡಿದ ಕೈ ಬಿಡದೆ.