ದ್ಯಾಮಣ್ಣನನ್ನು ಮಣ್ಣು ಮಾಡಿದ ಜಾಗ

ಬಸಕ್ಕನ ಗಂಡ ದ್ಯಾಮಣ್ಣ ಜ್ವರ ಬಂದು ತೀರಿಕೊಂಡದ್ದು ಲಾಕ್‌ಡೌನಿನಲ್ಲಿ. ಅವರ ಊರು ಕುಷ್ಟಗಿಯವರೆಗೆ ಹೆಣ ಒಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ಬೆಂಗಳೂರಿನಲ್ಲೇ, ಪಟ್ಟಂದೂರು ಅಗ್ರಹಾರದ ಅಂಚಿನಲ್ಲಿ, ಅವರಿದ್ದ ತಗಡಿನ ಶೆಡ್ಡುಗಳ ಹಿಂದಿನ ಖಾಲಿ ಜಾಗದಲ್ಲಿ, ಒಂದು ಬೇವಿನ ಮರದ ಬುಡಕ್ಕೆ ಮಣ್ಣು ಮಾಡಿದರು. ಸ್ವಲ್ಪ ದಿನಕ್ಕೆ ಶೆಡ್ಡುಗಳನ್ನು ಕೆಡವಿ ಎಲ್ಲರನ್ನೂ ಅಲ್ಲಿಂದ ಎಬ್ಬಿಸಿದರು. ಬಸಕ್ಕ ಮಾರತ್ತಹಳ್ಳಿಯಲ್ಲಿ ರೂಮು ಹಿಡಿದು, ಒಂದು ಕಂಪನಿಯ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದಳು. ಮತ್ತೆ ಆ ಕಡೆ ಹೋಗಲಿಲ್ಲ.

ಈ ವರ್ಷ ಊರಿಂದ ಭಾವ ಮುದಕಪ್ಪ ಫೋನು ಮಾಡಿದ. ಅತ್ತೆ ಹಾಸಿಗೆ ಹಿಡಿದಿದ್ದಳು, ಮಗನ ಹೆಸರಿನಲ್ಲಿ ಹೊಲದಲ್ಲೊಂದು ಗದ್ದುಗೆ ಕಟ್ಟಿಸಬೇಕೆಂದು ಹಟ ಹಿಡಿದಿದ್ದಳು. ಅದಕ್ಕೆ ಅವನ ಸಮಾಧಿಯ ಒಂದು ಹಿಡಿ ಮಣ್ಣು ಬೇಕಿತ್ತು.

ಭಾನುವಾರ ಬಸಕ್ಕ ಹೋಗಿ ಹುಡುಕಿದಳು. ಎಲ್ಲ ಕಡೆ ಅಪಾರ್ಟ್‌ಮೆಂಟು, ಹೊಸ ರಸ್ತೆ. ಎಲ್ಲಿ ನಿಂತಿದ್ದೇನೆಂದೇ ತಿಳಿಯದೆ ವಾಪಸು ಬಂದಳು.

ಮಾರನೆಯ ದಿನ ಸೂಪರ್‌ವೈಸರ್ ಭಾಗ್ಯಶ್ರೀ ಯಾಕೆ ಮಂಕಾಗಿದ್ದೀರಿ ಎಂದು ಕೇಳಿದಾಗ ಇಷ್ಟನ್ನೂ ಹೇಳಿದಳು. ಭಾಗ್ಯಶ್ರೀ ಕಂಪ್ಯೂಟರಿನಲ್ಲಿ ಮ್ಯಾಪು ತೆಗೆದು, ಮೇಲಿಂದ ಸ್ಯಾಟಲೈಟು ಹಿಡಿದ ಚಿತ್ರ ತೋರಿಸಿದಳು. ಹಳೆಯ ವರ್ಷಗಳದ್ದೂ ಇರುತ್ತವೆ ಎಂದು ಹಿಂದಕ್ಕೆ ಸರಿಸುತ್ತಾ ಹೋದಳು.

ಬಸಕ್ಕನಿಗೆ ಮೊದಲು ಏನೂ ಗುರುತು ಹತ್ತಲಿಲ್ಲ. ಆಮೇಲೆ ಶೆಡ್ಡುಗಳ ತಗಡಿನ ಮೇಲೆ ಹೊದಿಸಿದ್ದ ನೀಲಿ ತಾಡಪಾಲಿನ ಸಾಲು ಕಂಡಿತು. ಅದರ ಹಿಂದೆ ದುಂಡಗೆ, ಕಪ್ಪಗೆ ಬೇವಿನ ಮರ. ಅದರ ಬುಡದಲ್ಲಿ ಏನಿತ್ತೋ, ನೆರಳು ಮುಚ್ಚಿತ್ತು. ಅವಳು ಬೆರಳಿಟ್ಟು ತೋರಿಸಿದಳು. ಭಾಗ್ಯಶ್ರೀ ಅಲ್ಲೊಂದು ಗುರುತು ಹಾಕಿ, ವರ್ಷಗಳನ್ನು ಮುಂದಕ್ಕೆ ತಂದಳು. ಶೆಡ್ಡು ಹೋದವು. ಮರ ಹೋಯಿತು. ಬರೀ ಕೆಂಪು ಮಣ್ಣಾಯಿತು. ಕೊನೆಗೆ ಕಪ್ಪು ಡಾಂಬರು, ಬಿಳಿ ಗೆರೆ.

"ಬಸಕ್ಕ, ಇದು ರೋಡಿಗೆ ಹೋಗ್ಬಿಟ್ಟಿದೆ ಕಣ್ರೀ."

"ಹೋಗ್ಲಿ ಬಿಡ್ರಿ ಮೇಡಂ. ಅಲ್ಲಿಗೆ ಹೋಗೋ ದಾರಿ ಹೇಳ್ರಿ."

ಅಳು ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ. ಮೇಜಿನ ಮೇಲೆ ಕಾಫಿಯ ಕಲೆ ಕಂಡಿತು. ಒರೆಸಿದಳು.

ಭಾಗ್ಯಶ್ರೀ ಫೋನಿಗೆ ಕಳಿಸಿದ ಗುರುತು ಹಿಡಿದು ಸಂಜೆ ಹೋದಳು. ಅದು ಜೋಡಿ ರಸ್ತೆಯಲ್ಲಿ, ಡಿವೈಡರಿನ ಪಕ್ಕದ ಡಾಂಬರಿನ ಮೇಲೆ ಬಂದು ನಿಂತಿತು. ಅದರ ಮೇಲೆ ಕ್ಯಾಬು, ಕಂಪನಿ ಬಸ್ಸು, ನೀರಿನ ಟ್ಯಾಂಕರು ಹೋಗುತ್ತಲೇ ಇದ್ದವು. ಬಸಕ್ಕ ಡಿವೈಡರ್ ಹತ್ತಿ ನಿಂತು ಡಾಂಬರು ನೋಡಿದಳು. ಏನಾದರೂ ಅನ್ನಿಸಬಹುದೆಂದು ಕಾದಳು. ಬಿಸಿ ಗಾಳಿ ಸೀರೆಯ ಸೆರಗನ್ನು ಎಳೆಯುತ್ತಿತ್ತು, ಅಷ್ಟೇ.

ಡಿವೈಡರಿನ ಗಿಡಗಳ ಬುಡದಲ್ಲಿ ಕೆಂಪು ಮಣ್ಣಿತ್ತು. ಅದು ಇಲ್ಲಿನ ಮಣ್ಣಲ್ಲವೆಂದು ಅವಳಿಗೆ ಗೊತ್ತು. ಎಲ್ಲಿಂದಲೋ ಟಿಪ್ಪರಿನಲ್ಲಿ ತಂದು ಸುರಿಯುತ್ತಾರೆ. ಅವಳೂ ದ್ಯಾಮಣ್ಣನೂ ಬೆಂಗಳೂರಿಗೆ ಬಂದ ಹೊಸದರಲ್ಲಿ ಇಂಥದೇ ಡಿವೈಡರಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ತುಂಬಿದ್ದರು. ಬಗ್ಗಿ ಒಂದು ಹಿಡಿ ತೆಗೆದು ಕವರಿಗೆ ಹಾಕಿದಳು. ಊರಿಗೆ ಹೊರಟಿದ್ದ ಪಕ್ಕದ ರೂಮಿನವರ ಕೈಯಲ್ಲಿ ಕಳಿಸಿಕೊಟ್ಟಳು.

ಅಮಾವಾಸ್ಯೆ ಕಳೆದ ಮೇಲೆ ಮುದಕಪ್ಪನ ಫೋನು ಬಂತು. ಗದ್ದುಗೆ ಕಟ್ಟಿದ್ದರು, ಅಯ್ಯನವರು ಬಂದು ಪೂಜೆ ಮಾಡಿದ್ದರು. ಅತ್ತೆ ಆ ಮಣ್ಣನ್ನು ಎದೆಗೊತ್ತಿಕೊಂಡು ಅತ್ತು, ಬಹಳ ದಿನದ ಮೇಲೆ ಎರಡು ತುತ್ತು ಉಂಡಿದ್ದಳಂತೆ.

"ಅವನ್ನ ಮಣ್ಣು ಮಾಡಿದಲ್ಲಿಂದನ ತಂದಿ ಹೌದಲ್ಲ, ತಂಗಿ?"

"ಹೌದ್ರಿ ಭಾವ, ಅಲ್ಲಿಂದನ."

ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಲ್ಕನೇ ಮಹಡಿಯಲ್ಲಿ ಯಾರೋ ನೀರು ಚೆಲ್ಲಿದ್ದಾರೆಂದು ಭಾಗ್ಯಶ್ರೀ ಕೂಗಿದಳು. ಬಸಕ್ಕ ಬಕೆಟು ಎತ್ತಿಕೊಂಡು ಲಿಫ್ಟಿನ ಕಡೆ ನಡೆದಳು.