ಕೆಳಸಾಲಿನ ಡಬ್ಬ

ನಗುವುದನ್ನು ಹೇಳಿಕೊಡಲೂ ಒಬ್ಬ ಮೇಷ್ಟ್ರು ಇರುತ್ತಾನೆಂದು ನಮ್ಮವರು ಸೈನ್ಯದಿಂದ ನಿವೃತ್ತರಾಗುವವರೆಗೆ ನನಗೆ ಗೊತ್ತಿರಲಿಲ್ಲ. ದೊಡ್ಡ ಹುದ್ದೆಗಳಿಂದ ಇಳಿದ ಸೇನಾಧಿಕಾರಿಗಳನ್ನು ಕಂಪನಿಗಳ ಕೆಲಸಕ್ಕೆ ಹದಗೊಳಿಸುವ ಸಂಸ್ಥೆಯ ಸಲಹೆಗಾರ ಅವನು. ಮೊಬೈಲ್ ಅಂಗಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಅವನ ಪಾಠ. ಮೊದಲ ವಾರವೇ ನಮ್ಮ ಮಗಳು ಅವನಿಗೆ ನಗೆಮೇಷ್ಟ್ರು ಎಂದು ಹೆಸರಿಟ್ಟಳು.

ನಮ್ಮವರು ಕರ್ನಲ್ ಆಗಿದ್ದರು. ಸಿಪಾಯಿಗಳಿಗೆ ಕಳಿಸುವ ಡಬ್ಬದ ಆಹಾರವನ್ನು ಪರೀಕ್ಷಿಸುವುದು ಅವರ ಕೆಲಸ. ಅಲ್ಲಿ ಒಂದು ಕಟ್ಟಳೆ ಇತ್ತು. ಎದುರಿಗೆ ಜೋಡಿಸಿಟ್ಟಿದ್ದನ್ನು ಮುಟ್ಟುವಂತಿಲ್ಲ. ಅಧಿಕಾರಿ ತಾನೇ ಬಗ್ಗಿ ಕೆಳಸಾಲಿನಿಂದ ಒಂದನ್ನು ಎಳೆದು, ತಾನೇ ಬಿಚ್ಚಿ, ಎಲ್ಲರೂ ನೋಡುವಂತೆ ಬಾಯಿಗಿಟ್ಟುಕೊಳ್ಳಬೇಕು. ನುಂಗಿದರೆ ಸರಕು ಮುಂದಕ್ಕೆ ಹೋಗುತ್ತದೆ, ಉಗಿದರೆ ವಾಪಸ್. ಆ ಚಾಳಿ ಮನೆಯಲ್ಲೂ ಬಿಟ್ಟಿರಲಿಲ್ಲ. ಮಕ್ಕಳಿಗೆ ಹಾಲು ಕೊಡುವ ಮುಂಚೆ ಒಂದು ಗುಟುಕು ಅವರದೇ.

ನಗೆಮೇಷ್ಟ್ರು ಇಂಥ ಚಾಳಿಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಲು ಹೊರಟಿದ್ದ. ಬೆನ್ನು ಅಷ್ಟು ನೆಟ್ಟಗಿರಬಾರದು. ‘ತಿರಸ್ಕರಿಸಿದೆ’ ಎನ್ನಬಾರದು, ‘ಸುಧಾರಣೆಗೆ ಅವಕಾಶ ಕೊಟ್ಟೆ’ ಎನ್ನಬೇಕು. ಏನು ಹೇಳಬೇಕೆಂದು ತೋಚದಿದ್ದರೆ ನಗಬೇಕು, ಹಲ್ಲು ಸ್ವಲ್ಪವೇ ಕಾಣಬೇಕು. ಹೆಂಡತಿಯರಿಗೂ ಒಂದು ದಿನದ ಪಾಠವಿತ್ತು. ಸಾಹೇಬರು ಮನೆಯಲ್ಲಿ ಮುಖ ಗಂಟು ಹಾಕಿಕೊಂಡರೆ ನೆನಪಿಸಿ ಮೇಡಂ ಎಂದು ನನಗೂ ಜವಾಬ್ದಾರಿ ಹೊರಿಸಿದ. ನಮ್ಮವರು ಬೆಳಿಗ್ಗೆ ಗಡ್ಡ ಕೆರೆದುಕೊಂಡ ಮೇಲೆ ಕನ್ನಡಿಯ ಮುಂದೆ ನಿಂತು ನಗು ಅಭ್ಯಾಸ ಮಾಡುವರು. ಅಪ್ಪನಿಗೆ ಹಲ್ಲುನೋವೇನಮ್ಮ ಎಂದು ಮಗಳು ಅಡುಗೆಮನೆಗೆ ಬಂದು ಕೇಳುವಳು. ನಾನು ಅವಳನ್ನು ಗದರಿಸಿ ಕಳಿಸುತ್ತಿದ್ದೆ.

ಗದರದೆ ಇನ್ನೇನು ಮಾಡಲಿ? ಸರ್ಕಾರಿ ಮನೆ ಬಿಡಬೇಕಿತ್ತು. ಮಗಳು ನರ್ಸಿಂಗ್ ಕಾಲೇಜಿಗೆ ಆಗಷ್ಟೇ ಸೇರಿದ್ದಳು. ಅಂಥ ಹೊತ್ತಿನಲ್ಲಿ ಡಬ್ಬದ ಮೀನು ಮಾಡುವ ಕಂಪನಿಯೊಂದರಲ್ಲಿ ಗುಣಮಟ್ಟದ ಮುಖ್ಯಸ್ಥನ ಕೆಲಸವನ್ನು ನಗೆಮೇಷ್ಟ್ರು ಹುಡುಕಿಕೊಟ್ಟ. ಕೆಲಸದ ಜೊತೆ ಮನೆಯೂ ಇತ್ತು. ನಾನು ಹೋಗಿ ನೋಡಿ ಬಂದಿದ್ದೆ. ಅಡುಗೆಮನೆಗೆ ಪೂರ್ವದ ಕಿಟಕಿ, ಬಟ್ಟೆ ಒಣಹಾಕಲು ಅಗಲವಾದ ಹಿತ್ತಲು. ಯಾವ ಗೋಡೆಗೆ ಯಾವ ಕಪಾಟು ಎಂದು ಮನಸ್ಸಿನಲ್ಲೇ ಜೋಡಿಸಿಯೂ ಆಗಿತ್ತು.

ಸೇರುವ ಮುಂಚೆ ಹೆಂಡತಿಯೊಂದಿಗೆ ಬಂದು ಊಟ ಮಾಡಿಹೋಗುವುದು ಆ ಕಂಪನಿಯ ವಾಡಿಕೆ. ನಗೆಮೇಷ್ಟ್ರು ನಮ್ಮ ಕಾರಿನಲ್ಲೇ ಬಂದ. ಕಾರ್ಖಾನೆಯ ಸಭಾಂಗಣದಲ್ಲಿ ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಅದರ ಮೇಲೆ ಗೋಪುರದಂತೆ ಪೇರಿಸಿದ ಹೊಳೆಯುವ ಡಬ್ಬಗಳು, ಅಕ್ಕಪಕ್ಕ ಹೂಗುಚ್ಛ. ಕಂಪನಿಯ ಯಜಮಾನ ತೆರೆದಿಟ್ಟ ಡಬ್ಬವೊಂದನ್ನು ಚಮಚದ ಸಮೇತ ಚಾಚಿ, ರುಚಿ ನೋಡಿ ಸಾಹೇಬರೇ ಎಂದ.

ಬೇರೆ ಯಾರಾದರೂ ಆಗಿದ್ದರೆ ಒಂದು ಚಮಚ ತಿಂದು ತಲೆದೂಗಿ ಊಟಕ್ಕೆ ಕೂರುತ್ತಿದ್ದರು. ನಮ್ಮವರು ಮೇಜಿನ ಹಿಂದಕ್ಕೆ ಹೋಗಿ, ಮಂಡಿಯೂರಿ, ಬಟ್ಟೆ ಎತ್ತಿದರು. ಮೇಜಿನಡಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ತುರುಕಿಟ್ಟಿದ್ದರು. ಯಾರಾದರೂ ಬೇಡ ಎನ್ನುವಷ್ಟರಲ್ಲಿ ಕೆಳಗಿನದೊಂದರಿಂದ ಡಬ್ಬ ಎಳೆದಾಗಿತ್ತು. ಅದರ ಮುಚ್ಚಳ ಉಬ್ಬಿತ್ತು. ಹಳೆಯ ತಾರೀಖಿನ ಚೀಟಿಯ ಮೇಲೆ ಹೊಸ ತಾರೀಖಿನ ಚೀಟಿಯನ್ನು ಸೊಟ್ಟಗೆ ಅಂಟಿಸಿದ್ದರು. ನಮ್ಮವರು ಕೀಲಿಗೊಂಚಲಿನ ಚಾಕುವಿನಿಂದ ಒತ್ತಿದ ಕೂಡಲೇ ಬುಸ್ಸೆಂದು ಗಾಳಿ ಹೊರಬಂತು.

ವಾಸನೆ ಎಂದರೆ ಸಾಲದು. ಅದು ಬಂದು ನಾಲಿಗೆಯ ಮೇಲೆ ಕೂತಿತು. ಮೀನು ಬೂದುಬಣ್ಣದ ಲೋಳೆಯಾಗಿ ಡಬ್ಬದ ಅಂಚಿಗೆ ಹರಿದುಬರುತ್ತಿತ್ತು. ಕಂಪನಿಯವರೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಮ್ಮವರು ಬೆರಳ ತುದಿಯಷ್ಟು ಬಾಯಿಗಿಟ್ಟು ಕರ್ಚೀಫಿಗೆ ಉಗಿದರು.

ಯಜಮಾನ ಗಾಬರಿಯಾಗಲಿಲ್ಲ. ಮಗು ತಪ್ಪು ಬಾಗಿಲು ತೆರೆದಾಗ ನಗುವ ಹಾಗೆ ನಕ್ಕ.

“ಅದು ಅಂಗಡಿಗೆ ಹೋಗೋ ಮಾಲಲ್ಲ ಸಾಹೇಬ್ರೇ. ನೆರೆ ಬಂದಿದ್ಯಲ್ಲ, ಅಲ್ಲಿನ ಪರಿಹಾರ ಶಿಬಿರಕ್ಕೆ. ಅವರು ಹೇಗೂ ಇನ್ನೊಂದ್ಸಲ ಕುದಿಸ್ಕೊಂಡೇ ತಿನ್ನೋದು.”

ನಗೆಮೇಷ್ಟ್ರು ನಮ್ಮವರ ಮೊಣಕೈ ಹಿಂಡಿದ. ಆಗ ಅವರು ನಕ್ಕರು. ಕನ್ನಡಿಯ ಮುಂದೆ ಕಲಿತ ಅದೇ ನಗು, ಹಲ್ಲು ಸ್ವಲ್ಪವೇ ಕಾಣುವಂತೆ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡಸಿನ ಮುಖ ನೋಡಲಾರದೆ ನಾನು ಕಣ್ಣು ತಗ್ಗಿಸಿದೆ. ಡಬ್ಬದ ವಾಸನೆಗಿಂತ ಆ ನಗುವೇ ನನಗೆ ಹೆಚ್ಚು ಹೇಸಿಗೆ ಎನಿಸಿತು.

ಯಜಮಾನ ಅವರ ಕೈಕುಲುಕಿ, ಸೋಮವಾರ ಬನ್ನಿ, ಇನ್ನು ಚೀಟಿಗಳ ಮೇಲೆ ನಿಮ್ಮದೇ ಸಹಿ ಎಂದ. ಎಲ್ಲರೂ ಊಟದ ಕೋಣೆಗೆ ನಡೆದರು. ಮಕ್ಕಳು ಚಿಕ್ಕವರಿದ್ದಾಗ ಕಾರಿನಲ್ಲಿ ವಾಂತಿ ಬಂದರೆ ಇರಲೆಂದು ಶುರುವಾದ ರೂಢಿ, ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಕವರುಗಳು ಸದಾ ಇರುತ್ತವೆ. ಹಿಂದೆ ಉಳಿದವಳು ಆ ಡಬ್ಬವನ್ನು ಒಂದರೊಳಗೊಂದು ಇಟ್ಟ ಕವರುಗಳಿಗೆ ಹಾಕಿ, ಗಂಟು ಬಿಗಿದು, ಚೀಲಕ್ಕೆ ಸೇರಿಸಿದೆ. ತಲೆನೋವೆಂದು ಹೇಳಿ ಊಟ ತಪ್ಪಿಸಿದೆ. ನಮ್ಮವರೂ ತಟ್ಟೆ ಮುಟ್ಟಲಿಲ್ಲ.

ವಾಪಸ್ ಬರುವಾಗ ನಗೆಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ಹೊಗಳಿದ್ದೇ ಹೊಗಳಿದ್ದು. ಆ ಹೊತ್ತಿಗೆ ಆ ನಗು ಬಂತಲ್ಲ, ತನ್ನ ಪಾಠ ಫಲಿಸಿತೆಂದ. ಸಾಹೇಬರ ಹೆಸರಿಗೆ ಎಷ್ಟು ಬೆಲೆ ಇದೆಯೆಂದು ಸಾಹೇಬರಿಗೇ ಗೊತ್ತಿಲ್ಲ, ಕಂಪನಿ ಕೊಂಡುಕೊಳ್ಳುತ್ತಿರುವುದೇ ಅದನ್ನು ಎಂದ.

“ಶಿಬಿರದ ಲಾರಿ ಯಾವಾಗ ಹೊರಡತ್ತೆ?” ನಮ್ಮವರು ಕೇಳಿದರು.

“ನಾಳೆ ಬೆಳಿಗ್ಗೆ. ನೀವು ಸೇರೋದು ಸೋಮವಾರ ತಾನೆ? ನಿಮ್ಮ ತಲೆಗೆ ಬರಲ್ಲ ಬಿಡಿ.”

ಅಷ್ಟರಲ್ಲಿ ಕವರು ಸೋರತೊಡಗಿತ್ತು. ನಗೆಮೇಷ್ಟ್ರು ಕಿಟಕಿ ಇಳಿಸಿದ, ತನ್ನ ಬೂಟಿನಡಿ ನೋಡಿಕೊಂಡ, ಕೊನೆಗೆ ಏನಿದು ಮೇಡಂ ಎಂದು ಕೇಳಿದ. ನಾನು ಚೀಲದ ಬಾಯಿ ಅಗಲಿಸಿ ಅವನ ಮೂಗಿನ ಬಳಿ ಹಿಡಿದೆ. ಮುಂದಿನ ಸಿಗ್ನಲ್ಲಿನಲ್ಲೇ ಅವನಿಗೆ ಯಾವುದೋ ಕೆಲಸ ನೆನಪಾಯಿತು. ಕಲಿಸಿದ ನಗುವನ್ನು ಒಂದು ಚೂರೂ ಬಳಸದೆ ಇಳಿದುಹೋದ.

ಹಸಿರು ದೀಪ ಬಂದರೂ ನಮ್ಮವರು ಗಾಡಿ ಬಿಡಲಿಲ್ಲ. ಹಿಂದಿನವರು ಹಾರನ್ ಒತ್ತುತ್ತಿದ್ದರು.

“ಆ ಮನೆ ನಿಂಗೆ ತುಂಬ ಹಿಡಿಸಿತ್ತು, ಅಲ್ವಾ?” ಎಂದರು.

“ಹಿಡಿಸಿತ್ತು. ಎಡಕ್ಕೆ ತಿರುಗಿಸಿ.”

ಎಡಕ್ಕೆ ಆಹಾರ ತನಿಖೆಯ ಕಚೇರಿ. ಹಿಂದೊಮ್ಮೆ ಹಾಲಿನ ಬಗ್ಗೆ ದೂರು ಕೊಡಲು ಹೋಗಿದ್ದರಿಂದ ನನಗೆ ದಾರಿ ಗೊತ್ತಿತ್ತು. ಬಾಗಿಲು ಹಾಕುವ ಹೊತ್ತು. ಕಿಟಕಿಯ ಮುಂದೆ ಜನ ನಿಂತಿದ್ದರು. ನಮ್ಮವರು ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತರು, ಯಾರಾದರೂ ಎದ್ದು ಬಂದು ಒಳಗೆ ಕರೆಯುತ್ತಾರೆಂದು. ಯಾರೂ ಬರಲಿಲ್ಲ. ಆಮೇಲೆ ಹೋಗಿ ಸಾಲಿನ ತುದಿಯಲ್ಲಿ ಸೇರಿಕೊಂಡರು.

ನಮ್ಮ ಸರದಿ ಬಂದಾಗ ಗುಮಾಸ್ತ ತಲೆ ಎತ್ತದೆ ಯಾವ ಇಲಾಖೆ ಎಂದು ಕೇಳಿದ. ಸೈನ್ಯ, ನಿವೃತ್ತ ಎಂದರು.

“ನಿವೃತ್ತ ಅಂದ್ರೆ ಈಗ ಏನೂ ಅಲ್ಲ. ಅಂಗಡಿಯೋರಾ, ಪತ್ರಿಕೆಯೋರಾ? ಏನಂತ ಬರ್ಕೊಳ್ಳಲಿ?”

ಇಂಥ ಕಡೆಯೇ ನಗಬೇಕೆಂದು ನಮ್ಮವರಿಗೆ ಕಲಿಸಿದ್ದು. ಎಲ್ಲಿ ನಕ್ಕುಬಿಡುತ್ತಾರೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ತಿಂದು ನೋಡಿದವನು ಅಂತ ಬರ್ಕೊಳ್ಳಿ,” ಎಂದರು.

ನಾನು ಕವರನ್ನು ಕಿಟಕಿಯ ಹಲಗೆಯ ಮೇಲಿಟ್ಟು ಗಂಟು ಬಿಚ್ಚಿದೆ. ಗುಮಾಸ್ತ ಕುರ್ಚಿಯ ಸಮೇತ ಹಿಂದಕ್ಕೆ ಜಾರಿ, ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದ. ಹಿಂದಿದ್ದ ಸಾಲು ಚದುರಿತು. ಒಳಗಿಂದ ಅಧಿಕಾರಿಣಿಯೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ನಾನು ಶಿಬಿರದ ಲಾರಿಯ ವಿಷಯ ಹೇಳಿದ ಕೂಡಲೇ ಅದು ಎಲ್ಲಿಂದ ಹೊರಡುತ್ತದೆಂದು ಕೇಳಿದಳು. ನಮ್ಮವರು ನೆಟ್ಟಗೆ ನಿಂತು ಹೇಳಿದರು. ಅದನ್ನು ತಡೆಯಿರೆಂದು ಅವಳು ಅಲ್ಲೇ ನಿಂತು ಫೋನು ಮಾಡಿದಳು.

ಹೊರಗೆ ಬಂದ ಮೇಲೆ ಅವರು ಚರಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಬಹಳ ಹೊತ್ತು ವಾಂತಿ ಮಾಡಿಕೊಂಡರು. ನಾನು ಹಣೆ ಹಿಡಿದುಕೊಂಡು ಬೆನ್ನು ಸವರುತ್ತಾ ನಿಂತೆ.